ಗುಳಿಗಿ ಚೀಲ ಬಿಚ್ಚಿ ಎಣಿಸುವವರು ಯಾರು?

ಎಲೆ-ಅಡಿಕೆ ಸಂಚಿಯೊಳಗೆ ಕೈ ಹಾಕಿದ ಅಜ್ಜಿ ಮೊದಲು ತೆಗೆದದ್ದು ಸುಣ್ಣದ ಡಬ್ಬಿಯನ್ನಲ್ಲ, ಗುಳಿಗೆ. ಒಂದಾದ ಮೇಲೊಂದು ಪಡಸಾಲೆಯ ಮೇಲೆ ಸುರಿದಳು. ಕತ್ತರಿಸಿದ ಪಟ್ಟಿಗಳು, ಕಾಗದದ ಪುಡಿಕೆಗಳು, ಲಕೋಟೆಯಿಂದ ಹೊರಬಿದ್ದು ಅಡಿಕೆ ಚೂರಿನ ಜೊತೆ ಬೆರೆತಿದ್ದ ಬಿಡಿ ಗುಳಿಗೆಗಳು. ನಾವು ಮೂವರು ಸುತ್ತ ಕೂತು ಬಣ್ಣ ನೋಡಿ ಬೇರ್ಪಡಿಸಿದೆವು. ಒಂಬತ್ತು ಥರ ಆದವು.

ಇದು ರೋಣ ತಾಲ್ಲೂಕಿನ ಯಾವಗಲ್. ಅಜ್ಜಿ ನಮ್ಮ ಬಳಗದ ಗೆಳೆಯನೊಬ್ಬನ ತಂದೆಯ ತಾಯಿ, ಎಪ್ಪತ್ತಾರೋ ಎಪ್ಪತ್ತೆಂಟೋ. ಆಧಾರ್ ಕಾರ್ಡ್ ಒಂದು ಹೇಳುತ್ತದೆ, ಆಕೆ ಇನ್ನೊಂದು ಹೇಳುತ್ತಾಳೆ. ಬೇಸಿಗೆಯಲ್ಲಿ ಒಂದು ನಸುಕು ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲ ಹತ್ತಿರ ಬಿದ್ದಿದ್ದಳು. ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ಆದರೆ ಅವತ್ತಿನಿಂದ ತಲೆ ತಿರುಗುತ್ತದೆ, ಹಗಲೆಲ್ಲ ಮಂಪರು, ಹೇಳಿದ್ದನ್ನೇ ಹೇಳುತ್ತಾಳೆ ಎಂದು ಮನೆಯವರ ದೂರು. ನೋಡಲು ಬಂದ ಪ್ರತಿಯೊಬ್ಬರೂ ಹೇಳಿದ್ದು ಒಂದೇ ಮಾತು: "ವಯಸ್ಸಾಗೇತಿ, ಇನ್ನೇನು. ಅರವತ್ತಕ್ಕ ಅರಳು ಮರಳು ಅಂತಾರ, ಆಕಿದು ಎಪ್ಪತ್ತು ದಾಟೇತಿ."

ನಮ್ಮ ತಕರಾರು ಇರುವುದು ಈ ಮಾತಿನ ಮೇಲೆ. ವಯಸ್ಸಾಗಿರುವುದು ನಿಜ. ಆದರೆ ಬಿದ್ದದ್ದು, ಮಂಪರು, ಅರಳು ಮರಳು, ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟರೆ ಆ ಸಂಚಿಯನ್ನು ಯಾರೂ ಬಿಚ್ಚುವುದಿಲ್ಲ.

ಒಂಬತ್ತು ಗುಳಿಗೆ ಎಲ್ಲಿಂದ ಬಂದವು ಎಂದು ಕೇಳುತ್ತಾ ಹೋದೆವು. ಒಂದು ಬಿಪಿ ಗುಳಿಗೆ ಸರ್ಕಾರಿ ದವಾಖಾನೆಯದು, ಪುಕ್ಕಟೆ: ಆಮ್ಲೊಡಿಪಿನ್. ಇನ್ನೊಂದು ಬಿಪಿ ಗುಳಿಗೆ ಪೇಟೆಯ ಖಾಸಗಿ ವೈದ್ಯರು ಬರೆದುಕೊಟ್ಟದ್ದು, ದೊಡ್ಡ ಹೆಸರಿನ ಬಣ್ಣದ ಪಟ್ಟಿ. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದರೆ ಟೆಲ್ಮಿಸಾರ್ಟಾನ್ ಮತ್ತು ಅದೇ ಆಮ್ಲೊಡಿಪಿನ್! ಒಂದು ಬಿಳಿ ದುಂಡಗೆ, ಒಂದು ಉದ್ದಕ್ಕೆ. ಅಜ್ಜಿಯ ಪಾಲಿಗೆ ಅವು ಎರಡು ಬೇರೆ ಔಷಧಿ. ಒಬ್ಬ ಡಾಕ್ಟರರ ಗುಳಿಗೆ ಬಿಟ್ಟರೆ ಅವರಿಗೆ ಬೇಜಾರು, ಇನ್ನೊಬ್ಬರದು ಬಿಟ್ಟರೆ ಇವರಿಗೆ ಬೇಜಾರು ಎಂದು ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದಳು. ಆಮ್ಲೊಡಿಪಿನ್ ಕೆಲವರಿಗೆ ಕಾಲು ಬಾವು ತರುತ್ತದೆ, ಪ್ರಮಾಣ ಹೆಚ್ಚಿದಷ್ಟೂ ಬಾವು ಹೆಚ್ಚು. ಅಜ್ಜಿಯ ಪಾದ ಬಾತಿದ್ದವು. ಮೂರನೆಯ ಕಡೆ ತೋರಿಸಿದಾಗ ಬಾವಿಗೆಂದು ಮೂತ್ರ ಹೋಗುವ ಗುಳಿಗೆ ಬರೆದುಕೊಟ್ಟರು. ಅದನ್ನು ಆಕೆ ರಾತ್ರಿ ಊಟದ ನಂತರ ನುಂಗುತ್ತಿದ್ದಳು. ಲಕೋಟೆಯ ಮೇಲಿನ ಗೀಟನ್ನು ಯಾರೋ ಹಾಗೆ ಓದಿ ಹೇಳಿದ್ದರಂತೆ. ರಾತ್ರಿ ಮೂರು ಸಲ ಏಳುವುದು, ನಿದ್ದೆ ಕೆಡುವುದು. ನಿದ್ದೆ ಬರುವುದಿಲ್ಲ ಎಂದಾಗ ಯಾರದೋ ಹಳೆಯ ಚೀಟಿ ತೋರಿಸಿ ತಂದ ಅಲ್ಪ್ರಜೋಲಾಮ್, ಅರ್ಧ ಗುಳಿಗೆ.

ಇಲ್ಲಿಗೆ ನಿಲ್ಲಿಸಿ ಒಮ್ಮೆ ನೋಡಿ. ಎರಡು ಸಲ ನುಂಗಿದ ಒಂದೇ ಔಷಧಿಯಿಂದ ಬಾವು, ಬಾವಿಗೆ ಮೂತ್ರದ ಗುಳಿಗೆ, ಮೂತ್ರಕ್ಕೆ ಎದ್ದೆದ್ದು ನಿದ್ದೆಗೇಡು, ನಿದ್ದೆಗೆ ಮತ್ತೊಂದು ಗುಳಿಗೆ, ಆ ಅಮಲಿನಲ್ಲಿ ಕತ್ತಲಲ್ಲಿ ಎದ್ದಾಗ ಹೊಸ್ತಿಲು. ಯಾವ ವೈದ್ಯರೂ ಇಲ್ಲಿ ಮೂರ್ಖರಲ್ಲ. ಪ್ರತಿಯೊಬ್ಬರೂ ತಮ್ಮೆದುರು ಬಂದ ತೊಂದರೆಗೆ ಮದ್ದು ಕೊಟ್ಟರು. ಪೂರ್ತಿ ಸಂಚಿ ಮಾತ್ರ ಯಾರೆದುರೂ ಬಿಚ್ಚಿಕೊಳ್ಳಲಿಲ್ಲ.

ಉಳಿದವು: ಶುಗರ್‌ಗೆ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಸೇರಿದ ಗುಳಿಗೆ, ಮೊಣಕಾಲು ನೋವಿಗೆ ಅಂಗಡಿಯಿಂದಲೇ ತಂದ ಅಸೆಕ್ಲೊಫೆನಾಕ್, ಅದರಿಂದ ಹೊಟ್ಟೆ ಉರಿದರೆ ಗ್ಯಾಸಿನ ಗುಳಿಗೆ, ನೆಗಡಿಗೆ ಒಂದು, ಕ್ಯಾಲ್ಸಿಯಂ ಒಂದು.

ವಯಸ್ಸಾದ ಮೈ ಮತ್ತು ನಲವತ್ತರ ಮೈ ಗುಳಿಗೆಯನ್ನು ಒಂದೇ ರೀತಿ ಬಳಸುವುದಿಲ್ಲ ಎಂಬುದು ನಮಗೂ ಮೊದಲು ಇಷ್ಟು ಗೊತ್ತಿರಲಿಲ್ಲ. ಹೊಟ್ಟೆಗೆ ಹೋದ ಔಷಧಿ ತನ್ನ ಕೆಲಸ ಮಾಡಿ ಹೊರಗೆ ಹೋಗಬೇಕು. ಹೊರಗೆ ಹಾಕುವವರು ಇಬ್ಬರು, ಯಕೃತ್ತು ಮತ್ತು ಮೂತ್ರಪಿಂಡ. ವಯಸ್ಸಾದಂತೆ ಯಕೃತ್ತಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಮೂತ್ರಪಿಂಡದ ಸೋಸುವ ಶಕ್ತಿ ನಲವತ್ತರ ಆಚೆ ಸರಾಸರಿ ವರ್ಷಕ್ಕೆ ಶೇ 1ರ ಆಸುಪಾಸಿನಲ್ಲಿ ಇಳಿಯುತ್ತದೆ. ಎಲ್ಲರಿಗೂ ಹೀಗೇ ಅಲ್ಲ, ಆದರೆ ಬಹಳ ಜನಕ್ಕೆ. ಮೋಸ ಎಲ್ಲಿ ಎಂದರೆ, ರಕ್ತಪರೀಕ್ಷೆಯ ಕ್ರಿಯಾಟಿನಿನ್ ನೋಡಿದರೆ 'ನಾರ್ಮಲ್' ಎಂದೇ ಬರಬಹುದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸೊರಗಿದ ಮುದುಕಿಯ ಮೈಯಲ್ಲಿ ಸ್ನಾಯುವೇ ಕಡಿಮೆ, ಹಾಗಾಗಿ ಕ್ರಿಯಾಟಿನಿನ್ನೂ ಕಡಿಮೆ. ಸೋಸುವ ಜರಡಿ ತೂತು ಮುಚ್ಚಿದ್ದರೂ ಲೆಕ್ಕ ಸರಿ ಇರುವಂತೆ ಕಾಣುತ್ತದೆ. ಅದಕ್ಕೇ ವಯಸ್ಸು ಸೇರಿಸಿ ಲೆಕ್ಕ ಹಾಕುವ ಸೂತ್ರಗಳಿವೆ.

ಇನ್ನೊಂದು ಬದಲಾವಣೆ ಮೈಯ ನೀರು ಮತ್ತು ಕೊಬ್ಬಿನದು. ವಯಸ್ಸಾದಂತೆ ನೀರಿನ ಪಾಲು ಇಳಿದು ಕೊಬ್ಬಿನ ಪಾಲು ಏರುತ್ತದೆ, ತೆಳ್ಳಗೆ ಕಂಡರೂ. ಕೊಬ್ಬಿನಲ್ಲಿ ಕರಗುವ ಔಷಧಿ ಅಲ್ಲಿಯೇ ಕೂತು ನಿಧಾನಕ್ಕೆ ಇಳಿಯುತ್ತದೆ. ನಿದ್ದೆಗೆ, ಹೆದರಿಕೆಗೆ ಕೊಡುವ ಡಯಾಜೆಪಾಮ್‌ನ ಲೆಕ್ಕ ಪ್ರಸಿದ್ಧ: ಮೈಯಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಇಪ್ಪತ್ತರ ಹುಡುಗನಲ್ಲಿ ಸುಮಾರು 20 ಗಂಟೆ, ಎಂಬತ್ತರ ಮುದುಕನಲ್ಲಿ ಸುಮಾರು 90 ಗಂಟೆ. ಅಂದರೆ ಸೋಮವಾರ ರಾತ್ರಿ ನುಂಗಿದ್ದರ ಅರ್ಧ ಪಾಲು ಶುಕ್ರವಾರ ಮಧ್ಯಾಹ್ನವೂ ಒಳಗೇ ಇರುತ್ತದೆ. ದಿನಕ್ಕೊಂದು ನುಂಗಿದರೆ? ಹಗಲು ಮಂಪರು ಏಕೆಂದು ಬೇರೆ ಕಾರಣ ಹುಡುಕಬೇಕಿಲ್ಲ.

ನೆಗಡಿ ಗುಳಿಗೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಐದು ರೂಪಾಯಿಗೆ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅದರಲ್ಲಿ ಹೆಚ್ಚಾಗಿ ಇರುವ ಕ್ಲೋರ್‌ಫೆನಿರಮೈನ್ ನಮಗಾದರೆ ಒಂದು ಒಳ್ಳೆಯ ನಿದ್ದೆ. ವಯಸ್ಸಾದವರಿಗೆ ಬಾಯಿ ಒಣಗುವುದು, ಮಲಬದ್ಧತೆ, ಗಂಡಸರಲ್ಲಿ ಮೂತ್ರ ಕಟ್ಟುವುದು, ಮತ್ತು ಬುದ್ಧಿ ಮಸುಕಾಗುವುದು. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಒಂದು ವಾರದಿಂದ ದಿಕ್ಕು ತಪ್ಪಿದವರಂತೆ ಮಾತಾಡುತ್ತಿದ್ದರೆ, ಅದು ವರ್ಷಗಟ್ಟಲೆ ನಿಧಾನಕ್ಕೆ ಬರುವ ಮರೆವಿನ ಕಾಯಿಲೆಯಾಗಿರುವ ಸಾಧ್ಯತೆ ಕಡಿಮೆ. ಆ ವಾರ ಹೊಸದಾಗಿ ಏನು ನುಂಗಿದರು ಎಂದು ಮೊದಲು ಕೇಳಬೇಕು. 'ಅರಳು ಮರಳು' ಎಂಬ ಗಾದೆ ಕಟ್ಟಿದ ಕಾಲದಲ್ಲಿ ಇಷ್ಟು ಗುಳಿಗೆಗಳಿರಲಿಲ್ಲ.

ನಮ್ಮ ಕಡೆ ಮುಖ್ಯ ಅಪಾಯ ಮಾತ್ರ ನೋವಿನ ಗುಳಿಗೆ ಮತ್ತು ನೋವಿನ ಸೂಜಿ. ಎರೆ ಹೊಲದಲ್ಲಿ ಜೀವಮಾನವಿಡೀ ಕುಕ್ಕರಗಾಲಲ್ಲಿ ಕೂತು ಕಸ ತೆಗೆದು, ಹೆಸರು ಬಿಡಿಸಿ, ಜೋಳ ಕೊಯ್ದ ಮೊಣಕಾಲುಗಳು ಇವು. ನೋಯದೆ ಇರುತ್ತವೆಯೇ? "ಒಂದು ಸೂಜಿ ಮಾಡ್ರಿ, ನಾಳೆ ಕೆಲಸಕ್ಕ ಹೋಗಬೇಕು" ಎನ್ನುವವರನ್ನು ನಾವು ದಿನವೂ ನೋಡುತ್ತೇವೆ. ಆದರೆ ಟೆಲ್ಮಿಸಾರ್ಟಾನ್‌ನಂಥ ಬಿಪಿ ಗುಳಿಗೆ, ಮೂತ್ರದ ಗುಳಿಗೆ, ನೋವಿನ ಗುಳಿಗೆ, ಈ ಮೂರೂ ಒಂದೇ ಮೈಯಲ್ಲಿ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲು ನಾಲ್ಕನೆಯದು. ವಯಸ್ಸಾದವರಿಗೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ, ಮೈಯಲ್ಲಿ ನೀರಿಲ್ಲದಿದ್ದರೂ ನೀರು ಬೇಡ ಎನ್ನುತ್ತಾರೆ. ಅಜ್ಜಿ ಬಿದ್ದದ್ದು ಬೇಸಿಗೆಯಲ್ಲಿ ಎಂಬುದನ್ನು ನೆನಪಿಡಿ.

ಒಂದು ಅಡ್ಡಮಾತು. ದನಕರುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಕೇಂದ್ರ ಸರ್ಕಾರ 2006ರಲ್ಲೇ ನಿಲ್ಲಿಸಿತು. ಆ ಸೂಜಿ ಮಾಡಿಸಿಕೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಲುಸಾಲಾಗಿ ಸತ್ತಿದ್ದವು. ಮನುಷ್ಯರ ಡೈಕ್ಲೊಫೆನಾಕ್‌ನ ದೊಡ್ಡ ಬಾಟಲಿ ಕದ್ದು ದನಗಳಿಗೆ ಬಳಸುತ್ತಾರೆಂದು 2015ರಲ್ಲಿ ಆ ಬಾಟಲಿಯನ್ನೂ ನಿಷೇಧಿಸಿದರು. ಮನುಷ್ಯ ರಣಹದ್ದಲ್ಲ, ಒಂದು ಸೂಜಿಗೆ ಯಾರೂ ಸಾಯುವುದಿಲ್ಲ, ನಿಜ. ಆದರೂ ಹದ್ದಿನ ಮೂತ್ರಪಿಂಡಕ್ಕೆ ಸಿಕ್ಕಷ್ಟು ಗಮನ ನಮ್ಮ ಅಜ್ಜ-ಅಜ್ಜಿಯರ ಮೂತ್ರಪಿಂಡಕ್ಕೆ ಸಿಗಲಿಲ್ಲವಲ್ಲ ಎಂದು ನಮಗೆ ಅನ್ನಿಸುತ್ತದೆ.

ಶುಗರ್ ಗುಳಿಗೆಯ ಕಥೆ ಬೇರೆ. ಗ್ಲಿಮೆಪಿರೈಡ್, ಅದಕ್ಕಿಂತ ಹಳೆಯ ಗ್ಲಿಬೆನ್‌ಕ್ಲಾಮೈಡ್, ಇವು ಮೈಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ, ನೀವು ಉಂಡಿರಲಿ ಬಿಡಲಿ. ನಮ್ಮ ಅಜ್ಜಿ ಸೋಮವಾರ ಒಪ್ಪತ್ತು ಮಾಡುತ್ತಾಳೆ. ಶ್ರಾವಣದಲ್ಲಂತೂ ಕೇಳಬೇಡಿ. "ಗುಳಿಗಿ ಬಿಟ್ಟಿಯೇನ ಆಯಿ ಅವತ್ತು?" ಎಂದು ಕೇಳಿದರೆ, "ಗುಳಿಗಿ ಯಾಕ ಬಿಡ್ಲಿ, ಗುಳಿಗಿ ಏನ್ ಅನ್ನ ಏನು?" ಎಂದಳು. ಖಾಲಿ ಹೊಟ್ಟೆಯಲ್ಲಿ ಶುಗರ್ ಇಳಿದರೆ ಹರೆಯದವರಿಗೆ ಬೆವರು, ನಡುಕ ಬಂದು ಎಚ್ಚರಿಕೆ ಸಿಗುತ್ತದೆ. ವಯಸ್ಸಾದವರಲ್ಲಿ ಈ ಸೂಚನೆ ಮಂದ, ನೇರವಾಗಿ ಗೊಂದಲ, ತೊದಲು, ಎಚ್ಚರ ತಪ್ಪುವುದು. ಊರಿನಲ್ಲಿ ಅದಕ್ಕೆ ಲಕ್ವಾ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎನ್ನುತ್ತಾರೆ. ವಯಸ್ಸಾದವರಿಗೆ ಆದಷ್ಟು ತಪ್ಪಿಸಬೇಕಾದ ಔಷಧಿಗಳ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮಾಡಿದರು. ಅದು ಅವರ ಹೆಸರಲ್ಲೇ ಇಂದಿಗೂ ಪರಿಷ್ಕಾರವಾಗುತ್ತಿದೆ. 2023ರ ಪಟ್ಟಿಯಲ್ಲಿ ಈ ಇಡೀ ಗುಂಪಿನ ಶುಗರ್ ಗುಳಿಗೆಗಳನ್ನು ಹಿರಿಯರಿಗೆ ಮೊದಲ ಆಯ್ಕೆಯಾಗಿ ಕೊಡಬೇಡಿ ಎಂದಿದ್ದಾರೆ. ನಮ್ಮಲ್ಲಿ ಅಗ್ಗದ ಗುಳಿಗೆ ಅದೇ ಆದ್ದರಿಂದ ಪೂರ್ತಿ ಬಿಡಲಾಗದು ಎಂಬ ವೈದ್ಯರ ವಾದವನ್ನೂ ನಾವು ಒಪ್ಪುತ್ತೇವೆ. ಆದರೆ ಕೊಡುವಾಗ "ನೀವು ವಾರ ಮಾಡ್ತೀರೇನು?" ಎಂದು ಕೇಳಲು ರೊಕ್ಕ ಬೇಕಿಲ್ಲ.

ಹಾಗಾದರೆ ಗುಳಿಗೆ ಬೇಡವೇ? ಈ ಬರಹ ಓದಿ ಯಾರಾದರೂ ನಾಳೆಯಿಂದ ಬಿಪಿ ಗುಳಿಗೆ ಬಿಟ್ಟರೆ ನಮಗಿಂತ ಪಾಪಿಗಳಿಲ್ಲ. ಬಿಪಿ ಗುಳಿಗೆ ಬಿಟ್ಟು ಲಕ್ವಾ ಹೊಡೆಸಿಕೊಂಡು ಕಟ್ಟೆ ಹಿಡಿದು ನಡೆಯುವವರು ಪ್ರತಿ ಓಣಿಯಲ್ಲೂ ಇದ್ದಾರೆ. ನಿದ್ದೆ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಹೃದಯದ ಕೆಲವು ಗುಳಿಗೆಗಳೂ ಹಾಗೆಯೇ. ನಾವು ಹೇಳುತ್ತಿರುವುದು ಇಷ್ಟೇ: ಗುಳಿಗೆ ಶುರು ಮಾಡಲು ನಮ್ಮಲ್ಲಿ ಹತ್ತು ಬಾಗಿಲುಗಳಿವೆ, ನಿಲ್ಲಿಸಲು ಒಂದೂ ಇಲ್ಲ.

ಹತ್ತು ಬಾಗಿಲು ಎಂದದ್ದು ಉತ್ಪ್ರೇಕ್ಷೆಯಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಯರು ಬಸ್ಸು ಹತ್ತಿದ್ದಾರೆ. ರೋಣ, ನರಗುಂದ, ಗದಗ, ಹುಬ್ಬಳ್ಳಿ, ಎಲ್ಲಿ ಯಾವ ಡಾಕ್ಟರು ಚೆನ್ನಾಗಿ ನೋಡುತ್ತಾರೆ ಎಂದರೆ ಅಲ್ಲಿಗೆ. ನಮಗೆ ಇದರಲ್ಲಿ ಖುಷಿಯೇ ಇದೆ, ಗಂಡನ ಕೈ ನೋಡದೆ ದವಾಖಾನೆಗೆ ಹೋಗುವುದು ಸಣ್ಣ ಮಾತಲ್ಲ. ಆದರೆ ಪ್ರತಿ ಬಸ್ಸಿನಲ್ಲೂ ಹೊಸ ಚೀಟಿ ಊರಿಗೆ ಬರುತ್ತದೆ, ಹಳೆಯ ಚೀಟಿ ಹರಿದುಹೋಗುವುದಿಲ್ಲ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿ ರಸ್ತೆ ಬಂದಾದರೆ ಅಂಗಡಿಯ ಗುಳಿಗೆಯೇ ಗತಿ. ಮಕ್ಕಳು ಗೋವಾದಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿದ್ದಾರೆ, ಫೋನ್‌ನಲ್ಲಿ ಕೇಳುವುದು "ಗುಳಿಗಿ ತೊಗೊಂಡ್ಯಾ?" ಎಂದಷ್ಟೇ. ಯಾವುದು ಎಂದು ಕೇಳಿದರೂ ಅಜ್ಜಿ ಏನು ಹೇಳಬೇಕು? "ಬಿಳೇದು" ಎನ್ನುತ್ತಾಳೆ. ಒಂಬತ್ತರಲ್ಲಿ ಐದು ಬಿಳಿಯವೇ.

ಓದಲು ಬಂದರೂ ಪ್ರಯೋಜನವಿಲ್ಲ. ಪಟ್ಟಿಯ ಮೇಲಿರುವುದು ಇಂಗ್ಲಿಷ್, ಜನೌಷಧಿ ಕೇಂದ್ರದ ಪಟ್ಟಿಯಾದರೆ ಜೊತೆಗೆ ಹಿಂದಿ. ಕನ್ನಡದ ಒಂದು ಅಕ್ಷರ ಇಲ್ಲ. ಹತ್ತರ ಪಟ್ಟಿಯಲ್ಲಿ ನಾಲ್ಕು ಕತ್ತರಿಸಿ ಕೊಟ್ಟರೆ ಹೆಸರಿನ ಅರ್ಧ ಅಂಗಡಿಯಲ್ಲೇ ಉಳಿಯುತ್ತದೆ, ಅವಧಿ ಮುಗಿಯುವ ದಿನವೂ ಅಲ್ಲೇ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅಜ್ಜಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಸರ್ಕಾರಿ ದವಾಖಾನೆಗೆ ಬರುವ ಗುಳಿಗೆ ಟೆಂಡರ್ ಬದಲಾದಂತೆ ಬಣ್ಣ, ಆಕಾರ ಬದಲಿಸುತ್ತದೆ. ಕಳೆದ ಸಲ ಬಿಳಿ ಇದ್ದದ್ದು ಈ ಸಲ ಗುಲಾಬಿ ಬಂದರೆ ಆಕೆಗೆ ಅದು ಹೊಸ ಔಷಧಿ. ಹಳೆಯದು ಮುಗಿದಿಲ್ಲ, ಎರಡನ್ನೂ ನುಂಗುತ್ತಾಳೆ.

ನಮ್ಮ ಬೇಡಿಕೆ ದೊಡ್ಡದಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ತಪಾಸಣೆ ಮಾಡಿ ಗುಳಿಗೆ ಕೊಡುತ್ತಾರೆ. ಒಳ್ಳೆಯದು. ಅದೇ ಭೇಟಿಯಲ್ಲಿ ಅರವತ್ತು ದಾಟಿದವರ ಮನೆಯಲ್ಲಿ ಇನ್ನೊಂದು ಕೆಲಸ ಆಗಲಿ: "ನಿಮ್ಮ ಹತ್ರ ಇರೋ ಎಲ್ಲಾ ಗುಳಿಗಿ ತರ್ರಿ" ಎಂದು ಕೇಳಿ, ನೆಲದ ಮೇಲೆ ಸುರಿದು, ಫೋಟೊ ತೆಗೆದು ವೈದ್ಯಾಧಿಕಾರಿಗೆ ಕಳಿಸುವುದು. ಐದಕ್ಕಿಂತ ಹೆಚ್ಚು ಇದ್ದರೆ, ಆರು ತಿಂಗಳಿಗೊಮ್ಮೆ ವೈದ್ಯರು ಕೂತು ಇದರಲ್ಲಿ ಯಾವುದು ಬೇಡ ಎಂದು ನೋಡುವುದು. ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿ ಎಂದು ನಾವು ಹೇಳುವುದಿಲ್ಲ. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಮಲಗಿದವರು ಅವರು. ಕೊಡುವುದಾದರೆ ದುಡ್ಡು ಕೊಟ್ಟು ಕೊಡಿ, ಇಲ್ಲವೇ ಫಾರ್ಮಸಿ ಓದಿದವರಿಗೆ ಕೊಡಿ. ಔಷಧಿ ಕೊಡುವಾಗ ರೋಗಿಗೆ ತಿಳಿಸಿ ಹೇಳುವುದು ಫಾರ್ಮಾಸಿಸ್ಟರ ಕರ್ತವ್ಯ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ. ಪ್ರತಿ ಲಕೋಟೆಯ ಮೇಲೆ ಒಂದು ಸೂರ್ಯ, ಒಂದು ಚಂದ್ರ, ಮತ್ತು ಕನ್ನಡದಲ್ಲಿ 'ಬಿಪಿ', 'ಶುಗರ್', 'ನೋವು' ಎಂಬ ಒಂದು ಪದದ ಮುದ್ರೆ ಹೊಡೆಯಲು ಎಷ್ಟು ಖರ್ಚು?

ಗುಳಿಗೆಯಿಂದ ತೊಂದರೆಯಾದರೆ ಹೇಳಿಕೊಳ್ಳಲು 1800-180-3024 ಎಂಬ ಉಚಿತ ಸಂಖ್ಯೆ ಇದೆ, 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ್ದು. ನಾವು ಯಾವಗಲ್‌ನಲ್ಲಿ ಕೇಳಿದ ಯಾರೊಬ್ಬರಿಗೂ ಇದು ಗೊತ್ತಿರಲಿಲ್ಲ. ಪತ್ರಿಕೋದ್ಯಮ ಓದಿದ ನಮಗೇ ಗೊತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಮ್ಮ ಸೀಮೆಯ ಮುಪ್ಪು ಯಾರದು ಎಂದೂ ಯೋಚಿಸಿ. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತ ಬಂಡಾಯದಲ್ಲಿ ಮೂವತ್ತರ ಹರೆಯದಲ್ಲಿ ಬೀದಿಗಿಳಿದವರು ಈಗ ಎಪ್ಪತ್ತೈದು ದಾಟಿದ್ದಾರೆ. 2015ರಿಂದ ಮಹದಾಯಿ ನೀರಿಗಾಗಿ ನರಗುಂದದ ಚಪ್ಪರದಲ್ಲಿ ಕೂತವರಲ್ಲೂ ಬಿಳಿ ತಲೆಗಳೇ ಹೆಚ್ಚು. ತಹಶೀಲ್ದಾರರನ್ನು, ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಜನ ಇವರು. ಇವರೇ ಔಷಧ ಅಂಗಡಿಯ ಕಟ್ಟೆ ಮುಂದೆ "ಇದು ಯಾತಕ್ಕ, ಎಷ್ಟು ದಿನ, ಹಿಂದಿಂದು ಬಿಡ್ಲ್ಯಾ?" ಎಂದು ಕೇಳಲು ಹಿಂಜರಿಯುತ್ತಾರೆ.

ಅಜ್ಜಿಯ ಸಂಚಿಯನ್ನು ಹಾಗೇ ಕಟ್ಟಿಕೊಂಡು ಗದಗದಲ್ಲಿ ಒಬ್ಬ ವೈದ್ಯರ ಬಳಿ ಹೋದೆವು. ಸಾಲು ಉದ್ದವಿತ್ತು, ಆದರೂ ಅವರು ಮೇಜಿನ ಮೇಲೆ ಎಲ್ಲ ಹರವಿ ಹದಿನೈದು ನಿಮಿಷ ನೋಡಿದರು. ಮಲಗಿದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ಬಿಪಿ ಅಳೆದರು, ನಿಂತಾಗ ಸರ್ರನೆ ಇಳಿಯಿತು. ರಕ್ತ ತಪಾಸಣೆ ಮಾಡಿಸಿದರು. ಎರಡನೆಯ ಆಮ್ಲೊಡಿಪಿನ್ ಹೋಯಿತು, ನೋವಿನ ಗುಳಿಗೆ ಹೋಗಿ ಪ್ಯಾರಾಸಿಟಮಾಲ್ ಬಂತು, ನೆಗಡಿಯದು ಹೋಯಿತು, ಬಾವು ಇಳಿದ ಮೇಲೆ ಮೂತ್ರದ್ದೂ ಹೋಯಿತು. ಶುಗರ್‌ನದು ಅರ್ಧವಾಯಿತು, ನಿದ್ದೆಯದನ್ನು ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಲು ಹೇಳಿದರು. ಎರಡು ತಿಂಗಳ ನಂತರ ಹೋದಾಗ ಅಜ್ಜಿ ಕಟ್ಟೆಯ ಮೇಲೆ ಕೂತು ನಮ್ಮ ಮೂವರ ಮದುವೆ ಯಾವಾಗ ಎಂದು ವಿಚಾರಿಸುತ್ತಿದ್ದಳು. ಹೇಳಿದ್ದನ್ನೇ ಹೇಳುವುದು ಪೂರ್ತಿ ನಿಂತಿಲ್ಲ. ಅಷ್ಟು ಮಟ್ಟಿಗೆ ವಯಸ್ಸಿನದೂ ಪಾಲಿದೆ.

ಬಿಡಿಸಿದ ಗುಳಿಗೆಗಳನ್ನು ಏನು ಮಾಡಿದೆ ಎಂದು ಕೇಳಿದೆವು.

"ರೊಕ್ಕ ಕೊಟ್ಟು ತಂದಾವು, ಒಗ್ಯಾಕ ಮನಸು ಹೆಂಗ ಬರತೈತಿ? ಬಾಜೂ ಮನಿಯಾಕಿ ಮೊಣಕಾಲ ಭಾಳ ನೋಯ್ತಾವ ಅಂದ್ಲು. ಕೊಟ್ಟೆ."